ಗಡ್ಡೆಯ ನಿದ್ದೆ, ಸಂಕ್ರಮಣದ ಹೂವು

ಅಡುಗೆಮನೆಯ ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತೆಗೆದುಕೊಂಡು ಬನ್ನಿ. ಮೊಳಕೆ ಒಡೆದದ್ದಾದರೆ ಇನ್ನೂ ಒಳ್ಳೆಯದು. ಅದನ್ನು ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ಬುಡದಲ್ಲಿ ಬೇರಿನ ಕುಚ್ಚು ಅಂಟಿಕೊಂಡ ಗಟ್ಟಿಯಾದ ಬಿಲ್ಲೆಯೊಂದು ಕಾಣುತ್ತದೆ. ಅದೇ ಈ ಗಿಡದ ಕಾಂಡ, ಅಷ್ಟೇ ಗಿಡ್ಡ. ಅದರ ಮೇಲೆ ಒಂದನ್ನೊಂದು ಸುತ್ತಿ ಕುಳಿತ ದಪ್ಪ ಪದರಗಳು ಎಲೆಗಳ ಬುಡಗಳು. ಗಿಡ ತನ್ನ ಬುತ್ತಿಯನ್ನು ಕಟ್ಟಿಟ್ಟುಕೊಳ್ಳುವುದು ಅಲ್ಲಿ. ನಟ್ಟನಡುವೆ ಎಳೆಯ ಹಸಿರು ಕುಡಿ. ಈ ರಚನೆಯನ್ನು ಸಸ್ಯಶಾಸ್ತ್ರದಲ್ಲಿ ಲಶುನ ಎನ್ನುತ್ತಾರೆ. ನಾವು ರೂಢಿಯಂತೆ ಗಡ್ಡೆ ಎನ್ನೋಣ. ಅರಿಸಿನ, ಶುಂಠಿಗಳನ್ನೂ ಗಡ್ಡೆ ಎಂದೇ ಕರೆಯುತ್ತೇವೆ, ಆದರೆ ಅವು ಮಣ್ಣಿನೊಳಗೆ ಅಡ್ಡಡ್ಡ ಬೆಳೆಯುವ ಕಾಂಡಗಳು. ಇಂದಿನ ಪಾಠಕ್ಕೆ ಅವು ಬೇಡ.

ಮಣ್ಣು, ನೀರು ಎರಡೂ ಇಲ್ಲದೆ ಬುಟ್ಟಿಯಲ್ಲೇ ಉಳ್ಳಾಗಡ್ಡಿ ಹೇಗೆ ಚಿಗುರಿತು ಎಂಬುದು ಈಗ ನಿಮಗೆ ತಿಳಿದಿರಬೇಕು. ಬುತ್ತಿ ಅದರ ಕೈಯಲ್ಲೇ ಇತ್ತು. ಚಳಿಗಾಲದಲ್ಲಿ ಮನೆಯೊಳಗೆ ಗಡ್ಡೆಯ ಹೂ ಬೆಳೆಸಬಹುದಾದದ್ದೂ ಇದರಿಂದಲೇ.

ಹೊಸಬರಿಗೆ ನಾನು ಹೇಳುವುದು ಒಂದೇ ಗಿಡ: ನರ್ಸರಿಯವರು ಅಮರಿಲ್ಲಿಸ್ ಲಿಲಿ ಎಂದು ಮಾರುವುದು. ಅದರ ಶಾಸ್ತ್ರೀಯ ಹೆಸರು ಹಿಪ್ಪಿಯಾಸ್ಟ್ರಮ್. ತವರು ದಕ್ಷಿಣ ಅಮೆರಿಕ. ಕಹಳೆಯಂಥ ದೊಡ್ಡ ಕೆಂಪು ಹೂವು. ನಮ್ಮ ಕಡೆಯ ಅಂಗಳಗಳಲ್ಲಿ ತಾನಾಗಿ ಬಿಟ್ಟರೆ ಯುಗಾದಿಯ ಹೊತ್ತಿಗೆ ಅರಳುತ್ತದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆ ನಡೆಯುವ ಸಂಕ್ರಮಣಕ್ಕೇ ಅದನ್ನು ಅರಳಿಸಬೇಕೆಂದರೆ, ಅದರ ನಿದ್ದೆಯನ್ನು ಮೊದಲು ಅರಿಯಬೇಕು.

ಗಡ್ಡೆಯ ಗಿಡಗಳು ವರ್ಷದಲ್ಲಿ ಒಂದಷ್ಟು ಕಾಲ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತವೆ. ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ಟ್ಯೂಲಿಪ್ ಗಡ್ಡೆ ಈ ನಿದ್ದೆ ಮುಗಿಸಿ ಹೂ ಬಿಡಲು ಸುಮಾರು 12ರಿಂದ 16 ವಾರಗಳ ನಿಜವಾದ ಚಳಿ ಬೇಕು. ವಿಜಯಪುರ ಸೀಮೆಯ ನಮ್ಮ ಮಮದಾಪುರದಲ್ಲಿ ಡಿಸೆಂಬರಿನ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿದರೂ ಹಗಲು 30ರ ಹತ್ತಿರ ಹೋಗುತ್ತದೆ. ಅದು ಟ್ಯೂಲಿಪ್‌ಗೆ ಚಳಿಯೇ ಅಲ್ಲ. ಫ್ರಿಜ್ಜಿನಲ್ಲಿಟ್ಟು ಮೋಸಗೊಳಿಸುವವರಿದ್ದಾರೆ. ನಾಲ್ಕು ತಿಂಗಳು ಕಾದು ಕೆಲವೇ ದಿನದ ಹೂವಿಗಾಗಿ ಅಷ್ಟು ಪಾಡು ಬೇಡ ಎನ್ನುವವನು ನಾನು. ಹಿಪ್ಪಿಯಾಸ್ಟ್ರಮ್‌ಗೆ ಅಂಥ ಚಳಿ ಬೇಡ. ಒಣಗಿ ಮಲಗಿದ್ದು, ಮತ್ತೆ ನೀರು ಬೆಳಕು ಕಂಡರೆ ಎದ್ದು ಬಿಡುತ್ತದೆ.

ದೀಪಾವಳಿ ಕಳೆದ ಮೇಲೆ, ನವೆಂಬರ್ ನಡುವಿನಲ್ಲಿ, ಎಲೆಯಿಲ್ಲದ, ಹಿಚುಕಿದರೆ ಗಟ್ಟಿಯಾಗಿರುವ ದೊಡ್ಡ ಗಡ್ಡೆಯನ್ನು ಆರಿಸಿಕೊಳ್ಳಿ. ಗಡ್ಡೆಗಿಂತ ಸುತ್ತಲೂ ಎರಡು ಬೆರಳು ಮಾತ್ರ ಅಗಲವಿರುವ, ತಳದಲ್ಲಿ ತೂತಿರುವ ಕುಂಡ ಸಾಕು.

ಮಣ್ಣಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮಮದಾಪುರ ನೀರು ಹಿಡಿದಿಡುವುದರಲ್ಲಿ ಪಳಗಿದ ಊರು. ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, ಅಂದರೆ 17ನೆಯ ಶತಮಾನದಲ್ಲಿ, ಇಲ್ಲಿ ದೊಡ್ಡ ಕೆರೆ ಕಟ್ಟಿಸಿದರು. ಈ ಸೀಮೆಯ ಎರೆಮಣ್ಣಿಗೂ ಅದೇ ಗುಣ. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟು ಹಿಂಗಾರಿ ಬಿಳಿಜೋಳವನ್ನು ತೆನೆಗೆ ತರುತ್ತದೆ. ಆದರೆ ಕುಂಡದೊಳಗೆ ಆ ಗುಣವೇ ಗಡ್ಡೆಗೆ ಮುಳುವು. ಒದ್ದೆಯಲ್ಲಿ ಗಾಳಿ ಸಿಗದೆ ಬೇರು ಕೊಳೆಯುತ್ತದೆ, ಒಣಗಿದಾಗ ಮಣ್ಣು ಬಿರಿದು ಬೇರು ಹರಿಯುತ್ತದೆ. ಆದ್ದರಿಂದ ಹೊಲದ ಮಣ್ಣು ತರಬೇಡಿ. ಮಸಾರಿ ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ, ಮೂರನ್ನೂ ಸಮಪಾಲು ಬೆರೆಸಿ. ಗಡ್ಡೆಯ ಮೇಲಿನ ಅರ್ಧ ಮಣ್ಣಿನ ಹೊರಗೇ ಇರಲಿ.

ನೆಟ್ಟ ದಿನ ಒಮ್ಮೆ ನೀರುಣಿಸಿ. ಆಮೇಲೆ ಕುಡಿ ಕಾಣುವವರೆಗೆ, ಬೆರಳನ್ನು ಒಂದು ಗೆಣ್ಣಿನಷ್ಟು ಇಳಿಸಿದಾಗ ಮಣ್ಣು ಒಣಗಿದ್ದರೆ ಮಾತ್ರ ನೀರು. ನನ್ನ ಮೊದಲ ಗಡ್ಡೆಯನ್ನು ದಿನಕ್ಕೆರಡು ಸಲ ನೀರು ಹಾಕಿ ನಾನೇ ಕೊಂದೆ. ಮುಟ್ಟಿದಾಗ ಅದು ಕೈಯಲ್ಲಿ ಕರಗಿಹೋಯಿತು. ಬಾಯಾರಿದ ಗಡ್ಡೆ ಕಾಯುತ್ತದೆ, ಕೊಳೆತದ್ದು ಮರಳುವುದಿಲ್ಲ.

ದಪ್ಪ ಗೋಡೆಯ ಮಾಳಿಗೆ ಮನೆಯಾದರೆ ಬೆಳಕಿಂಡಿಯ ಕೆಳಗೆ, ಇಲ್ಲವಾದರೆ ಮೂಡಣ ಕಿಟಕಿಯಲ್ಲಿ ಕುಂಡವಿಡಿ. ಹೂದಂಟು ಬೆಳಕಿನ ಕಡೆ ವಾಲುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ನೆಟ್ಟು ಆರರಿಂದ ಎಂಟು ವಾರಕ್ಕೆ ಹೂವು ನಿರೀಕ್ಷಿಸಬಹುದು. ಕೆಲವೊಮ್ಮೆ ಎಲೆಗಿಂತ ಮೊದಲೇ ದಂಟು ಬರುತ್ತದೆ, ಗಾಬರಿಯಾಗಬೇಡಿ.

ಕ್ರಿಸ್‌ಮಸ್ ಹೊತ್ತಿಗೆ ನರ್ಸರಿಗಳಲ್ಲಿ ಕಾಣುವ ಪಾಯಿನ್‌ಸೆಟಿಯಾ ಗಡ್ಡೆಯ ಗಿಡವಲ್ಲ, ಆದರೂ ಎರಡು ಮಾತು. ಅದರ ಕೆಂಪು ದಳಗಳು ದಳಗಳಲ್ಲ, ಬಣ್ಣ ತಿರುಗಿದ ಎಲೆಗಳು. ನಡುವಿನ ಹಳದಿ ಮಣಿಗಳೇ ಹೂಗಳು. ಬಣ್ಣ ತಿರುಗಲು ಅದಕ್ಕೆ ವಾರಗಟ್ಟಲೆ ದೀರ್ಘ ಕತ್ತಲ ರಾತ್ರಿ ಬೇಕು. ಆದ್ದರಿಂದ ರಾತ್ರಿ ಹತ್ತರವರೆಗೆ ಟಿವಿ, ದೀಪ ಉರಿಯುವ ಪಡಸಾಲೆ ಅದಕ್ಕೆ ಸರಿಯಾದ ಜಾಗವಲ್ಲ.

ಮತ್ತೆ ನಮ್ಮ ಹಿಪ್ಪಿಯಾಸ್ಟ್ರಮ್‌ಗೆ ಬರೋಣ. ಹೂ ಬಾಡಿದ ಮೇಲೆ ದಂಟನ್ನಷ್ಟೇ ಕತ್ತರಿಸಿ, ಎಲೆ ಮುಟ್ಟಬೇಡಿ. ಮುಂದಿನ ವರ್ಷದ ಬುತ್ತಿಯನ್ನು ಕಟ್ಟುವವು ಅವೇ. ಗಣೇಶ ಚೌತಿ ಕಳೆದ ಮೇಲೆ ನೀರು ನಿಲ್ಲಿಸಿ, ಎಲೆ ತಾನಾಗಿ ಒಣಗಲು ಬಿಟ್ಟು, ಮನೆಯ ತಂಪು ಮೂಲೆಯಲ್ಲಿ ಎಂಟು ಹತ್ತು ವಾರ ಮಲಗಿಸಿ. ಮಲಗಿದ ಗಡ್ಡೆ ನೋಡಲು ಥೇಟ್ ಉಳ್ಳಾಗಡ್ಡಿ. ಆದರೆ ಅದರಲ್ಲಿ ಲೈಕೋರಿನ್ ಎಂಬ ವಿಷವಿದೆ. ತಿಂದರೆ ವಾಂತಿ, ಭೇದಿ. ಹೆಸರು ಬರೆದ ಚೀಟಿ ಅಂಟಿಸಿ, ಮಕ್ಕಳಿಗೂ ಆಡುಗಳಿಗೂ ಎಟುಕದಂತೆ ಎತ್ತರದಲ್ಲಿಡಿ. ಅಡುಗೆಮನೆಯ ಬುಟ್ಟಿಯಲ್ಲಂತೂ ಖಂಡಿತ ಬೇಡ.

ಮೊದಲು ಸೀಳಿದ ಉಳ್ಳಾಗಡ್ಡಿಯನ್ನು ಮಾತ್ರ ರೊಟ್ಟಿಯ ಜೊತೆ ನೆಂಚಿಕೊಳ್ಳಲು ಅಡ್ಡಿಯಿಲ್ಲ.