ಗರ್ಭಕೊರಳಿನ ಕ್ಯಾನ್ಸರ್: ನೋವಿಲ್ಲದಾಗಲೇ ಪರೀಕ್ಷೆ ಏಕೆ?

“ನೋವಿಲ್ಲ, ಬೇನೆಯಿಲ್ಲ, ಆಸ್ಪತ್ರೆಗೆ ಏಕೆ ಹೋಗಬೇಕು?” ಎಂದು ನಮ್ಮ ತಾಯಂದಿರು ಕೇಳುವುದುಂಟು. ಗರ್ಭಕೊರಳಿನ ಕ್ಯಾನ್ಸರಿನ ವಿಷಯದಲ್ಲಿ ಈ ಮಾತು ಅಪಾಯಕಾರಿ. ಏಕೆಂಬುದನ್ನು ತಿಳಿದುಕೊಳ್ಳೋಣ.

ನಮ್ಮ ಜೀವಕೋಶಗಳಲ್ಲಿ ಜೀನ್‌ಗಳಿವೆ. ಹೊಲಕ್ಕೆ ನೀರು ಹಾಯಿಸುವಾಗ ಒಂದು ಮಡೆ ತೆರೆದು ಇನ್ನೊಂದನ್ನು ಮುಚ್ಚುತ್ತೇವಲ್ಲವೇ? ಹಾಗೆಯೇ ಯಾವ ಜೀನ್ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ಕಟ್ಟುಪಾಡು ಅಲ್ಲಿಯೂ ಇದೆ. ಎಚ್.ಪಿ.ವಿ. ಎಂಬ ವೈರಸ್, ಮುಖ್ಯವಾಗಿ ಅದರ 16 ಮತ್ತು 18ನೆಯ ಬಗೆಗಳು, ಇದನ್ನು ಕೆಡಿಸುತ್ತವೆ. ವೈರಸ್ಸಿನ ಇ6 ಮತ್ತು ಇ7 ಎಂಬ ಜೀನ್‌ಗಳು ಜೋರಾಗಿ ಕೆಲಸ ಮಾಡತೊಡಗುತ್ತವೆ. ಇ6 ನಮ್ಮ ಪಿ53 ಎಂಬ ಕಾವಲು ಪ್ರೋಟೀನನ್ನು ನಾಶಮಾಡುತ್ತದೆ. ಇ7 ಆರ್‌ಬಿ ಎಂಬ ಇನ್ನೊಂದು ಕಾವಲನ್ನು ಕಟ್ಟಿಹಾಕುತ್ತದೆ. ಕಾವಲು ತಪ್ಪಿದ ಮೇಲೆ ಜೀವಕೋಶಗಳು ಕಳೆಯಂತೆ ಹಬ್ಬುತ್ತವೆ.

ಈ ವೈರಸ್ ದೈಹಿಕ ಸಂಪರ್ಕದಿಂದ ಬರುತ್ತದೆ. ಇದು ಬಹಳ ಸಾಮಾನ್ಯ. ಯಾರ ನಡತೆಗೂ ಕಳಂಕವಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದ ಕೆಲವರಲ್ಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ಕಾಲವೂ ನೋವಿರುವುದಿಲ್ಲ. ಕಳೆಯನ್ನು ಎಳೆಯದಿರುವಾಗಲೇ ಕೀಳಲು ನಮಗಿರುವ ಸಮಯ ಅದೇ.

ಇದಕ್ಕೆ ಸಾಕ್ಷಿ ನಮ್ಮ ದಿಂಡಿಗಲ್ ಜಿಲ್ಲೆಯಲ್ಲೇ ಇದೆ. 2000ರಿಂದ 2003ರವರೆಗೆ, 30ರಿಂದ 59 ವರ್ಷದ 31,343 ಆರೋಗ್ಯವಂತ ಮಹಿಳೆಯರನ್ನು ತರಬೇತಿ ಪಡೆದ ದಾದಿಯರು ಪರೀಕ್ಷಿಸಿದರು. ಗರ್ಭಕೊರಳಿಗೆ ವಿನೆಗರಿನಂತಹ ದುರ್ಬಲ ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷ ಕಾದು ನೋಡುವುದು. ಕೆಟ್ಟ ಭಾಗ ಬೆಳ್ಳಗೆ ಕಾಣುತ್ತದೆ. ಅಗತ್ಯವಿದ್ದವರಿಗೆ ಚಿಕಿತ್ಸೆ ಕೊಡಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು: ಒಂದೇ ಸಲದ ಪರೀಕ್ಷೆಯ ಏರ್ಪಾಟಿದ್ದ ಊರುಗಳಲ್ಲಿ, ಇಲ್ಲದ ಊರುಗಳಿಗಿಂತ, ಈ ಕ್ಯಾನ್ಸರ್ ಶೇಕಡಾ 25ರಷ್ಟೂ ಇದರಿಂದಾದ ಸಾವು ಶೇಕಡಾ 35ರಷ್ಟೂ ಕಡಿಮೆ.

ನಾವು ಮಾಡಬೇಕಾದದ್ದು:

1. 30 ವರ್ಷ ದಾಟಿದ ತಾಯಂದಿರು ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ. ಬೆಳ್ಳಗೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಮುಂದಿನ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು.

2. ಮುಟ್ಟು ನಿಂತ ಮೇಲೆ ಅಥವಾ ಗಂಡಹೆಂಡಿರ ಕೂಟದ ನಂತರ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಿದ್ದರೆ, ಕೂಡಲೇ ವೈದ್ಯರನ್ನು ಕಾಣಬೇಕು.

3. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್.ಪಿ.ವಿ. ಲಸಿಕೆ ಒಳ್ಳೆಯದು. ಲಸಿಕೆ ಪಡೆದವರಿಗೂ ಮುಂದೆ ಪರೀಕ್ಷೆ ಬೇಕು.

ಸುಗ್ಗಿ ಮುಗಿಯಲಿ ಎಂದು ಮುಂದೂಡಬೇಡಿ. ಗಂಡಸರೇ, ಹೆಂಡತಿಯನ್ನು ನೀವೇ ಕರೆದುಕೊಂಡು ಹೋಗಿ.