ಮನೆ ಹುಡುಕುವಾಗಲೇ ಸೈಕಲ್ ನೆನಪಿರಲಿ

ಪುಟ್ಟಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ ಅಂದೆಯಲ್ಲ, ಬಹಳ ಖುಷಿಯಾಯಿತು. ಕೊಳ್ಳುವುದಕ್ಕೆ ಮುಂಚೆ ಈ ದೊಡ್ಡಪ್ಪನ ಮಾತು ಸ್ವಲ್ಪ ಕೇಳು.

ಸೈಕಲ್ ಬಿಟ್ಟವರನ್ನೆಲ್ಲ ಸೋಮಾರಿಗಳು ಅಂದುಕೊಳ್ಳಬೇಡ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ನಿನಗೂ ಬಂದಿತ್ತು. ಅಕ್ಕಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳು ಸಾಲಾಗಿ ಹೈಸ್ಕೂಲಿಗೆ ತುಳಿದುಕೊಂಡು ಹೋಗುವುದನ್ನು ಕಣ್ತುಂಬ ನೋಡಿದವನು ನಾನು. ಎಸ್ಸೆಸ್ಸೆಲ್ಸಿ ಮುಗಿಯಿತು, ಕಾಲೇಜು ತಾಲ್ಲೂಕಿನಲ್ಲಿ, ಬಸ್ ಪಾಸ್ ಮಾಡಿಸಿದ್ದಾಯಿತು. ಸೈಕಲ್ ಕೊಟ್ಟಿಗೆ ಸೇರಿತು. ನಿಮ್ಮ ಕಾಲಿನ ಕಸುವೇನೂ ಕಡಿಮೆಯಾಗಿರಲಿಲ್ಲ, ದಾರಿ ಉದ್ದವಾಯಿತು.

ಅದಕ್ಕೇ ಹೇಳುವುದು, ಆಫೀಸಿನಿಂದ ಐದಾರು ಕಿಲೋಮೀಟರಿನೊಳಗೆ ಮನೆ ನೋಡು. ಅರ್ಧ ಗಂಟೆಯ ದಾರಿ. ಬಾಡಿಗೆ ತುಸು ಹೆಚ್ಚಾದರೂ ಸರಿ. ಹದಿನೈದು ಕಿಲೋಮೀಟರ್ ಆಚೆ ಮನೆ ಮಾಡಿದರೆ ಎಂಥ ಹುರುಪಿನವರೂ ತಿಂಗಳೊಳಗೆ ಕೈಚೆಲ್ಲುತ್ತಾರೆ. ತಂಪು ಹವೆಯ ಊರು, ಬೆವರಿನ ಚಿಂತೆ ಬೇಡ. ಆದರೂ ಬಟ್ಟೆ ಬದಲಿಸಲು, ಸೈಕಲ್ ನಿಲ್ಲಿಸಲು ಜಾಗ ಇದೆಯಾ ಅಂತ ಆಫೀಸಿನಲ್ಲಿ ಮೊದಲೇ ಕೇಳಿಕೋ.

ರಸ್ತೆಯಲ್ಲಿ ಸೈಕಲ್ ತುಳಿಯಲು ಭಯ ಅನ್ನುವವರ ಮಾತೂ ಸುಳ್ಳಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದ್ದರು. ಅದರೊಳಗೂ ಬೈಕುಗಳು ನುಗ್ಗಿದವು. ಸೈಕಲ್ಲಿಗೆಂದು ಬಿಟ್ಟ ಜಾಗವನ್ನು ಕಾಯದೆ, ಜನ ಸೈಕಲ್ ತುಳಿಯುವುದಿಲ್ಲ ಎಂದು ದೂರುವುದು ಅನ್ಯಾಯ. ನೀನು ದೊಡ್ಡ ರಸ್ತೆ ಬಿಟ್ಟು ಒಳಗಿನ ಕ್ರಾಸುಗಳಲ್ಲೇ ಹೋಗು, ಸುತ್ತಾದರೂ ಪರವಾಗಿಲ್ಲ. ನಿಂತ ಕಾರಿನ ಪಕ್ಕ ಒಂದು ಬಾಗಿಲಿನಷ್ಟು ಅಂತರ ಬಿಡು, ನೋಡದೆ ತೆರೆಯುತ್ತಾರೆ. ಮೋರಿಯ ಮೇಲಿನ ಕಬ್ಬಿಣದ ಜಾಲರಿಯ ಸಂದಿಗೆ ಚಕ್ರ ಸಿಕ್ಕಿದರೆ ತಲೆಕೆಳಗಾಗಿ ಬೀಳಬೇಕಾಗುತ್ತದೆ, ಎಡಕ್ಕೆ ತೀರಾ ಒತ್ತಿಕೊಳ್ಳಬೇಡ. ಮಳೆಯಲ್ಲಿ ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮೊದಲೇ ಒತ್ತು. ಹಿಂದೆ ಕೆಂಪು ಲೈಟ್ ಹಾಕಿಸದೆ ಸಂಜೆ ಹೊರಡಲೇಬೇಡ.

"ಇನ್ನೂ ಗಾಡಿ ತಗೊಂಡಿಲ್ವಾ?" ಅಂತ ನೆಂಟರು ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮಂದಿ ಸೈಕಲ್ ಬಿಟ್ಟದ್ದು ಈ ಒಂದು ಪ್ರಶ್ನೆಗೆ ಅಂಜಿ. ನೆಂಟರಿಗೆ ನಾನು ಉತ್ತರ ಹೇಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ ಆ ದಾರಿಯಲ್ಲಿ ಒಮ್ಮೆ ಹೋಗಿ ನೋಡು. ಭಾನುವಾರ ಬೇಡ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗು.