ಅಡಿಕೆ ಸಿಪ್ಪೆಯ ನಾರನ್ನು ಕರಗಿಸುವ ಕಿಣ್ವಗಳು

ಕಾಫಿ ಹಣ್ಣಿನ ಸಿಪ್ಪೆ ಕೆಲವೇ ತಿಂಗಳಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಅಡಿಕೆ ಸಿಪ್ಪೆಯ ರಾಶಿ ಮಾತ್ರ ಮಳೆಗಾಲ ಕಳೆದರೂ ನಾರುನಾರಾಗಿಯೇ ಉಳಿಯುತ್ತದೆ. ಬೇಸತ್ತು ಬೆಂಕಿ ಕೊಟ್ಟರೆ ಬೂದಿಯಲ್ಲಿ ಪೊಟ್ಯಾಷ್ ಸಿಕ್ಕೀತು. ಸಾರಜನಕವೂ ಸಾವಯವ ಅಂಶವೂ ಹೊಗೆಯಾಗಿ ಹೋಗುತ್ತವೆ. ಸಿಪ್ಪೆಯನ್ನು ಬೇಗ ಕರಗಿಸುವ ಪುಡಿಯೆಂದು ಯಾರಾದರೂ ಮಾರಲು ಬಂದರೆ, ಹಣ ಕೊಡುವ ಮುನ್ನ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ನಾರಿನಲ್ಲಿ ಏನಿದೆ?

ಸಸ್ಯದ ನಾರಿನಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಸೆಲ್ಯುಲೋಸ್ ಎಂಬುದು ಗ್ಲೂಕೋಸ್ ಸಕ್ಕರೆಯ ಉದ್ದನೆಯ ಸರಪಳಿ. ಹೆಮಿಸೆಲ್ಯುಲೋಸ್ ಅದನ್ನು ಸುತ್ತಿಕೊಂಡಿರುತ್ತದೆ. ಲಿಗ್ನಿನ್ ಇವೆರಡರ ನಡುವೆ ಗಾರೆಯಂತೆ ತುಂಬಿಕೊಂಡು ಗಟ್ಟಿ ಮಾಡುತ್ತದೆ. ಅಡಿಕೆ ಸಿಪ್ಪೆ ನಿಧಾನವಾಗಿ ಕೊಳೆಯಲು ಲಿಗ್ನಿನ್ ಒಂದು ಕಾರಣ, ಸಾರಜನಕದ ಕೊರತೆ ಇನ್ನೊಂದು.

ಬ್ಯಾಕ್ಟೀರಿಯಾ ನಾರನ್ನು ಹಾಗೆಯೇ ನುಂಗಲಾರದು. ಅದು ಕಿಣ್ವಗಳೆಂಬ ಪ್ರೋಟೀನುಗಳನ್ನು ಹೊರಹಾಕುತ್ತದೆ. ಒಂದು ಕಿಣ್ವ ಸರಪಳಿಯನ್ನು ನಡುವೆ ಕತ್ತರಿಸಿದರೆ, ಇನ್ನೊಂದು ತುದಿಯಿಂದ ಎರಡೆರಡೇ ಕೊಂಡಿ ಬಿಡಿಸುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆದು ಸಕ್ಕರೆ ಮಾಡುತ್ತದೆ. ಮೂರೂ ಕೂಡಿದರೇ ಕೆಲಸ ಪೂರ್ಣ. ಲಿಗ್ನಿನ್ ಒಡೆಯುವುದರಲ್ಲಿ ಮಾತ್ರ ಅಣಬೆ ಜಾತಿಯ ಶಿಲೀಂಧ್ರಗಳೇ ಮುಂದು.

ವಿಜ್ಞಾನಿಗಳ ಕೆಲಸ

ಸೆಲ್ಯುಲೋಸ್ ಬೆರೆಸಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಕಾಂಗೋ ರೆಡ್ ಬಣ್ಣ ಹಾಕಿದರೆ, ಕಿಣ್ವ ಕೆಲಸ ಮಾಡಿದ ಕಡೆ ಬಣ್ಣವಿಲ್ಲದ ಉಂಗುರ ಕಾಣುತ್ತದೆ. ಅಲ್ಲಿಂದ ಆರಿಸಿದ ಕಿಣ್ವ ಎಷ್ಟು ಬಿಸಿ, ಎಷ್ಟು ಹುಳಿ ತಾಳುತ್ತದೆಂದು ಅಳೆಯುತ್ತಾರೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಥರ್ಮೊಸೆಲ್ಲಮ್ ಎಂಬ ಬ್ಯಾಕ್ಟೀರಿಯಾದಲ್ಲಿ ಹಲವು ಕಿಣ್ವಗಳು ಒಂದೇ ಕಂತೆಯಾಗಿ ದುಡಿಯುವುದನ್ನು ಲಾಮೆಡ್ ಮತ್ತು ಬೇಯರ್ ಎಂಬ ವಿಜ್ಞಾನಿಗಳು 1983ರಲ್ಲಿ ವಿವರಿಸಿದರು. ಕಿಣ್ವದ ಜೀನಿನಲ್ಲಿ ಸಣ್ಣ ಬದಲಾವಣೆಗಳನ್ನು ಮಾಡಿ, ಉತ್ತಮವಾದುದನ್ನು ಮತ್ತೆ ಮತ್ತೆ ಆರಿಸುವ ವಿಧಾನಕ್ಕಾಗಿ ಫ್ರಾನ್ಸೆಸ್ ಆರ್ನಾಲ್ಡ್ ಅವರಿಗೆ 2018ರ ರಸಾಯನ ಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅರ್ಧ ಪಾಲು ದೊರೆಯಿತು. ನಾವು ಒಳ್ಳೆಯ ಗಿಡದ ಬೀಜ ಆರಿಸುವಂತೆಯೇ ಇದು.

ನಮ್ಮ ಗುಂಡಿಗೆ ಏನು ಬೇಕು?

ಕಿಣ್ವ ಜೀವಿಯಲ್ಲ, ತಾನಾಗಿ ಹೆಚ್ಚುವುದಿಲ್ಲ. ಗೊಬ್ಬರದ ರಾಶಿಗೆ ಬರಿಯ ಕಿಣ್ವ ಹಾಕಿದರೆ ಅಲ್ಲಿನ ಇತರ ಜೀವಿಗಳು ಅದನ್ನೇ ತಿಂದುಬಿಡಬಹುದು. ಜೀವಂತ ಬ್ಯಾಕ್ಟೀರಿಯಾ ಮಾತ್ರ ಕಿಣ್ವವನ್ನು ಮತ್ತೆ ಮತ್ತೆ ತಯಾರಿಸುತ್ತದೆ. ಸಗಣಿಯಲ್ಲಿ ಅಂಥವು ಧಾರಾಳವಾಗಿವೆ. ಅವಕ್ಕೆ ಅನುಕೂಲ ಮಾಡಿಕೊಡುವುದೇ ನಮ್ಮ ಪಾಲಿನ ಕೆಲಸ:

1. ಸಿಪ್ಪೆಯನ್ನು ಆದಷ್ಟು ಸಣ್ಣಗೆ ಮಾಡಿ ಚೆನ್ನಾಗಿ ನೆನೆಸಿರಿ.
2. ಕಾಫಿ ಸಿಪ್ಪೆ, ಗ್ಲಿರಿಸಿಡಿಯಾ ಸೊಪ್ಪು, ಸಗಣಿ ಬಗ್ಗಡಗಳನ್ನು ಪದರ ಪದರವಾಗಿ ಸೇರಿಸಿರಿ. ಇಂಗಾಲ 30 ಪಾಲಿಗೆ ಸಾರಜನಕ 1 ಪಾಲು ಇದ್ದರೆ ಉತ್ತಮ.
3. ಹಿಡಿ ತುಂಬ ತೆಗೆದು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು.
4. ರಾಶಿಯ ಬಿಸಿ ಇಳಿದಾಗ ಮಗುಚಿ ಹಾಕಿರಿ. ಮಗುಚಿದರೂ ಬಿಸಿಯೇರದಿದ್ದರೆ ಎರೆಹುಳು ಬಿಡಬಹುದು.

ಪುಡಿ ಕೊಳ್ಳಲೇಬೇಕೆನಿಸಿದರೆ ಅದರಲ್ಲಿರುವುದು ಜೀವಂತ ಸೂಕ್ಷ್ಮಾಣುವೋ ಬರಿಯ ಕಿಣ್ವವೋ ಕೇಳಿರಿ, ಬಳಕೆಯ ಕೊನೆಯ ದಿನಾಂಕ ನೋಡಿರಿ. ಮೊದಲು ಒಂದು ರಾಶಿಗೆ ಪುಡಿ ಹಾಕಿ, ಇನ್ನೊಂದಕ್ಕೆ ಸಗಣಿ ಬಗ್ಗಡ ಮಾತ್ರ ಹಾಕಿ ಹೋಲಿಸಿರಿ. ವ್ಯತ್ಯಾಸ ಕಂಡರೆ ಮಾತ್ರ ಮುಂದಿನ ಚೀಲಕ್ಕೆ ಹಣ ಕೊಡಿರಿ.